ಮೊದಲ ಚೀಲದ ಉಡಿ

ಫೋಟೋದಲ್ಲಿದ್ದದ್ದು ಮೂರೇ ಸಾಮಾನು. ಒಂದು ಅರಿಶಿನ ಕೊಂಬು, ಒಂದು ಅಡಿಕೆ, ಒಣಗಿ ಮುದುಡಿದ ಬೇವಿನ ಎಸಳು. ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟು, ಪಕ್ಕದಲ್ಲಿ ಅಳತೆಗೆ ಪ್ಲಾಸ್ಟಿಕ್ ಸ್ಕೇಲೊಂದನ್ನು ಇಟ್ಟು, ಯಾರೋ ಬಹಳ ಮುತುವರ್ಜಿಯಿಂದ ತೆಗೆದಿದ್ದರು. ಪೊಲೀಸರು ಕಳ್ಳಮಾಲು ಹಿಡಿದಾಗ ಮೇಜಿನ ಮೇಲೆ ಹರವಿ ಫೋಟೋ ತೆಗೆಸುತ್ತಾರಲ್ಲ, ಹಾಗೆ.

ಮಿಲ್ಲಿನ ಅಂಗಳದ ನಟ್ಟನಡುವೆ ನಿಂತ ಹನುಮಂತರಾಯರು ಫೋನನ್ನು ಮೇಲೆತ್ತಿ ಹಿಡಿದು ಒಂದು ಸುತ್ತು ತಿರುಗಿದರು, ಎಲ್ಲರಿಗೂ ಕಾಣಲಿ ಎಂದು.

"ಏನಿದು? ಯಾರರ ಹೇಳ್ರಿ."

ಹಮಾಲರೆಲ್ಲ ನೋಡಿದರು. ನೋಡಿದ ತಕ್ಷಣ ಎಲ್ಲರಿಗೂ ತಿಳಿಯಿತು. ತಿಳಿದ ತಕ್ಷಣ ಒಬ್ಬ ಮಿಲ್ಲಿನ ಚಿಮಣಿ ನೋಡಿದ, ಒಬ್ಬ ತಲೆಯ ಟವೆಲ್ಲು ಬಿಚ್ಚಿ ಮತ್ತೆ ಸುತ್ತಿಕೊಂಡ, ಇನ್ನೊಬ್ಬನಿಗೆ ಕೆಮ್ಮು ಬಂತು. ಅವರ ಮೇಸ್ತ್ರಿ ದುರುಗಪ್ಪ ಮಾತ್ರ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ನಿಂತ. ದಢೇಸುಗೂರಿನ ಈ ಮನುಷ್ಯ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಮಿಲ್ಲಿನ ಚೀಲ ಹೊತ್ತವನು, ಈಗ ಹೊರುವವರ ತಂಡ ನಡೆಸುವವನು.

ಅಂಗಳದಲ್ಲಿ ಚೆಲ್ಲಿದ ಅಕ್ಕಿ ಗುಡಿಸುತ್ತಿದ್ದ ಆದಮ್ಮ ಪೊರಕೆ ಹಿಡಿದುಕೊಂಡೇ ಬಂದು ಫೋನಿನೊಳಗೆ ಇಣುಕಿದಳು. ಅವಳು ದುರುಗಪ್ಪನ ಅಕ್ಕ. ಬಾಯಿಗೆ ಬಾಗಿಲು ಇಡಿಸಿಕೊಂಡು ಹುಟ್ಟಿದವಳಲ್ಲ.

"ಉಡಿ ಸಾಮಾನಲ್ಲೇನ್ರಿ ಸಾವ್ಕಾರ್ರೆ ಇವು? ಯಾರ ಮನ್ಯಾಗ ಬಸರಿ ಕುಬಸ?"

"ನಮ್ಮ ಅಕ್ಕೀಗೇ ಆಗೇತಿ ನೋಡವಾ ಕುಬಸ!" ಎಂದರು ಹನುಮಂತರಾಯರು. "ಅದೂ ಚಿತ್ತಗಾಂಗ್ ಬಂದರದಾಗ, ಹತ್ತು ಮಂದಿ ಪರದೇಶದವರ ಮುಂದ. ಚೀಲ ಒಡದು ಬಿದ್ದೈತಿ, ಅಕ್ಕಿ ಜೋಡಿ ಇವು ಬಿದ್ದಾವ. ಅವರು ಕೇಳಾಕತ್ತಾರ, ನೀವು ಅಕ್ಕಿ ಕಳಿಸೀರೋ, ಮದುವಿ ಕಳಿಸೀರೋ ಅಂತ."

ಅವರ ಸಿಟ್ಟಿಗೆ ಕಾರಣವಿತ್ತು. ಸಿಂಧನೂರಿನ ಮಸ್ಕಿ ರಸ್ತೆಯ ಈ ಮಿಲ್ಲು ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಕಾಲುವೆ ನೀರಿನ ಭತ್ತ ಕೊಂಡು, ಅಕ್ಕಿ ಮಾಡಿ, ಬೆಂಗಳೂರು-ಸೊಲ್ಲಾಪುರಕ್ಕೆ ಕಳಿಸುವುದು ಅವರ ತಂದೆಯ ಕಾಲದಿಂದ ನಡೆದುಬಂದ ಕೆಲಸ. ಆದರೆ ಇವರ ಅಕ್ಕಿ ಸಮುದ್ರ ಕಂಡದ್ದು ಇದೇ ಮೊದಲು. ಐದು ಲಾರಿ ಮಾಲು ಕಾಕಿನಾಡಕ್ಕೆ ಹೋಗಿ, ಬೇರೆ ಮಿಲ್ಲುಗಳ ಅಕ್ಕಿಯ ಜೊತೆ ದೊಡ್ಡ ಹಡಗು ಹತ್ತಿ, ಬಾಂಗ್ಲಾದೇಶದ ಚಿತ್ತಗಾಂಗಿಗೆ ಹೋಗಿತ್ತು. ಹನುಮಂತರಾಯರು ಅಂದಿನಿಂದ ಚಹಾದಂಗಡಿಯಲ್ಲಿ ಕೂತರೂ ಹಡಗಿನ ಮಾತನ್ನೇ ಆಡುತ್ತಿದ್ದರು. ಲಿಂಗಸುಗೂರಿನ ಬೀಗರಿಗೂ ಫೋನ್ ಮಾಡಿ ಹೇಳಿದ್ದರು.

"ಇದನ್ನ ಹಾಕಿದಾಂವ ಯಾರರ ಇರಲಿ," ಎಂದು ಅವರು ದನಿ ಏರಿಸಿದರು, "ಈ ಗೇಟ್ ಒಳಗ ಕಾಲಿಡಂಗಿಲ್ಲ. ಇಷ್ಟ ಮಂದಿ ಮುಂದ ಹೇಳೀನಿ. ನನ್ನ ಮಾತು ಅಂದ್ರ ಮಾತು."

ಹೇಳಿ ಆಫೀಸಿನೊಳಗೆ ಹೋದರು.

ಉಡಿಯ ಸಂಗತಿ ಇಷ್ಟು. ದುರುಗಪ್ಪನ ತಂಡದಲ್ಲಿ ಒಂದು ಪದ್ಧತಿಯಿದೆ. ದೂರದ ಊರಿಗೆ ಹೋಗುವ ಲಾರಿಗೆ ಮೊದಲು ಏರುವ ಚೀಲಕ್ಕೆ ಅವರು ಉಡಿ ತುಂಬುತ್ತಾರೆ. ತವರಿನಿಂದ ಹೊರಟ ಮಗಳ ಸೆರಗಿಗೆ ಅಕ್ಕಿ, ಅರಿಶಿನ, ಅಡಿಕೆ ಹಾಕಿ ಕಳಿಸುವುದಿಲ್ಲವೇ, ಹಾಗೆ. ಅಕ್ಕಿ ಚೀಲದಲ್ಲೇ ಇದೆ. ಉಳಿದದ್ದನ್ನು ಇವರು ಹಾಕುತ್ತಾರೆ, ಹುಳ ಹಿಡಿಯದಿರಲಿ ಎಂದು ಗೇಟಿನ ಪಕ್ಕದ ಮರದಿಂದ ಒಂದು ಬೇವಿನ ಎಸಳನ್ನೂ ಸೇರಿಸುತ್ತಾರೆ. ದುರುಗಪ್ಪನ ಅಪ್ಪ ಹಾಗೆ ಮಾಡುತ್ತಿದ್ದ, ಇವನೂ ಮಾಡುತ್ತಾನೆ. ಸೊಲ್ಲಾಪುರದವರು ಒಮ್ಮೆಯೂ ತಕರಾರು ತೆಗೆದಿರಲಿಲ್ಲ. ಅರಿಶಿನ ಸಿಕ್ಕ ಮನೆಯವರು ಅದನ್ನು ಅಡಿಗೆಗೇ ಬಳಸಿರಬೇಕು.

ಈ ಸಲದ ಮಾಲು ತುಂಬುವ ಮೊದಲು ಅನುಪಮಾ ಎಲ್ಲರನ್ನೂ ಕೂಡಿಸಿ ಹೇಳಿದ್ದಳು. ಗಡಿ ದಾಟಿ ಬಂದ ನಿರಾಶ್ರಿತರಿಗೆ ಸರ್ಕಾರ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗಿ. ಸಿಂಧನೂರಿನಲ್ಲೇ ಬಿ.ಕಾಂ. ಓದಿ, ಹಡಗಿನ ವ್ಯವಹಾರ ನೋಡಿಕೊಳ್ಳಲು ಈ ಮಿಲ್ಲಿಗೆ ಸೇರಿದವಳು. "ಕಾಕಾ, ಚೀಲದಾಗ ಕಸ ಇರಬಾರದು, ಕಡ್ಡಿ ಇರಬಾರದು, ಬೀಡಿ ತುಂಡು ಇರಬಾರದು, ಮಣ್ಣು ಇರಬಾರದು" ಎಂದು ಬೆರಳು ಮಡಿಸಿ ಎಣಿಸಿದ್ದಳು. ದುರುಗಪ್ಪ ಪ್ರತಿ ಬೆರಳಿಗೂ ತಲೆಯಾಡಿಸಿದ್ದ. ಅಂದು ತಂಡದವರಿಗೆ ಬೀಡಿ ಸೇದಲೂ ಬಿಡಲಿಲ್ಲ. ಅಂಗಳವನ್ನು ಅಕ್ಕನಿಂದ ಎರಡು ಸಲ ಗುಡಿಸಿಸಿದ. ಆಮೇಲೆ ಒಂದೊಂದು ಲಾರಿಯ ಮೊದಲ ಚೀಲಕ್ಕೂ ಉಡಿ ತುಂಬಿದ. ಉಡಿ ಕಸದ ಲೆಕ್ಕಕ್ಕೆ ಬರುತ್ತದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ನಮ್ಮಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ.

ಅನುಪಮಾ ಆಫೀಸಿನಿಂದ ಹೊರಬಂದು ಹಮಾಲರ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಯಾರ ಮುಖವನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅಲ್ಲಿ ಮಾಲು ತಪಾಸಣೆ ಮಾಡೋರು ಪರ್ವೇಜ್ ಅಂತ. ಕೊಂಡವರ ಕಡೆಯವರು. ಅವರ ಪ್ರಶ್ನಿ ಒಂದೇ. ಇದು ಒಂದು ಚೀಲದಾಗ ಐತೋ, ಎಲ್ಲಾ ಚೀಲದಾಗೂ ಐತೋ? ಎಲಿ, ಬೇರು ಇದ್ದ ಮಾಲು ಆ ದೇಶದಾಗ ಒಳಗ ಬಿಡಂಗಿಲ್ಲ. ಎಷ್ಟರಾಗ ಐತಿ ಅಂತ ಗೊತ್ತಾದ್ರ ಅಷ್ಟು ತಗದು ಬಾಕಿ ಇಳಿಸ್ತಾರ. ಗೊತ್ತಿಲ್ಲ ಅಂದ್ರ ನಮ್ಮ ಎರಡು ಸಾವಿರ ಚೀಲಾನೂ ಬಿಚ್ಚಬೇಕು."

"ಬಿಚ್ಚಲಿ ಬಿಡವಾ, ಮತ್ತ ಹೊಲಿತಾರ" ಎಂದ ಒಬ್ಬ.

"ಎಲ್ಲಿ ಬಿಚ್ಚತಾರಣ್ಣ? ಅಲ್ಲಿ ಜಾಗ ಇಲ್ಲ. ನಮ್ಮ ಅಕ್ಕಿ ದೊಡ್ಡ ಹಡಗಿನಿಂದ ಸಣ್ಣ ಹಡಗಿಗೆ ಇಳಿದು ಕಟ್ಟೀಗೆ ಬಂದು ನಿಂತೈತಿ. ಸಂಜಿಗಿ ಆ ಬಂದರದ ಹೊಳ್ಯಾಗ ನೀರು ಏರ್ತೈತಿ. ಏರಿದ ಕೂಡ್ಲೆ ಇದು ಜಾಗ ಬಿಡಬೇಕು, ಮತ್ತೊಂದು ಬರಬೇಕು. ಅಷ್ಟರಾಗ ಇಳಸದಿದ್ರ ತುಂಬಿದ ಮಾಲು ಹಂಗ ವಾಪಸ್ ಹೋಗಿ ನಡುಹೊಳ್ಯಾಗ ನಿಲ್ಲಬೇಕು. ಮತ್ತ ಪಾಳಿ ಯಾವಾಗೋ. ಸಿಂಧನೂರು ಮಾಲು ಬ್ಯಾಡಪಾ ಅಂತಾರ ಆಮ್ಯಾಲ."

ಪಾಳಿ ಎಂದರೆ ಕಾಲುವೆ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗದ್ದೆಗೆ ನೀರಿನ ಪಾಳಿ ತಪ್ಪಿದರೆ ಏನಾಗುತ್ತದೆಂದು ಕೂಸಿಗೂ ಗೊತ್ತು.

ದುರುಗಪ್ಪನ ಎದೆಯಲ್ಲಿ ತಕ್ಕಡಿ ತೂಗತೊಡಗಿತು. ಬಾಯಿ ಬಿಟ್ಟರೆ ಗೇಟು ಮುಚ್ಚಿತು. ಈ ವಯಸ್ಸಿಗೆ ಇನ್ನೊಂದು ಮಿಲ್ಲಿಗೆ ಹೋಗಿ ಹೊಸ ಹಮಾಲನಾಗಿ ಕೊನೆಯ ಸಾಲಿನಲ್ಲಿ ನಿಲ್ಲಬೇಕು. ಬಾಯಿ ಬಿಡದಿದ್ದರೆ ಮಿಲ್ಲಿನ ಹೆಸರು ಹೋಯಿತು. ಅದು ಹೋದಮೇಲೆ ಗೇಟು ಇದ್ದೇನು, ಬಿಟ್ಟೇನು.

ಆದಮ್ಮ ಪೊರಕೆಯ ಹಿಡಿಯಿಂದ ತಮ್ಮನ ಬೆನ್ನಿಗೆ ತಿವಿದಳು. "ಲೇ ದುರುಗಾ, ಬಾಯಾಗ ಎಲಿ ಅಡಿಕಿ ಇಟಗೊಂಡೀಯೋ, ಕಲ್ಲು ಇಟಗೊಂಡೀಯೋ?"

"ಸುಮ್ಕಿರಬೇ ಅಕ್ಕ."

"ನಾ ಸುಮ್ಕಿರ್ತೀನಿ. ಅರಿಶಿನ ಕೊಂಬು ನನ್ನ ಡಬ್ಬ್ಯಾಗಿಂದ ಒಯ್ದಿದ್ದಿ, ಅದು ಸುಮ್ಕಿರಲಿಲ್ಲ ನೋಡು. ಸಮುದ್ರ ದಾಟಿ ಹೋಗಿ ಮಾತಾಡಾಕತ್ತೈತಿ."

ಮಧ್ಯಾಹ್ನ ಅನುಪಮಾ ಊಟಕ್ಕೆ ಮನೆಗೆ ಹೊರಟು ಸ್ಕೂಟಿ ತಿರುಗಿಸುವಾಗ ದುರುಗಪ್ಪ ಬಂದು ನಿಂತ.

"ಯವ್ವಾ, ನನ್ನೂ ಕರಕೊಂಡು ಹೋಗು. ನಿಮ್ಮ ಅಜ್ಜೀನ್ನ ಒಂದು ಮಾತು ಕೇಳಬೇಕು. ಆಕಿ ಆ ಹೊಳಿ ದಂಡಿಯಾಕಿ ಅಲ್ಲ?"

ಉಡಿ ತುಂಬಿದವನು ಯಾರೆಂದು ಅನುಪಮಾಳಿಗೆ ಬೆಳಿಗ್ಗೆಯೇ ತಿಳಿದಿತ್ತು. "ಕುಂದರ್ರಿ ಕಾಕಾ. ಕಾಲು ಮ್ಯಾಲ ಎತ್ತಿಕೊಳ್ರಿ, ನೆಲಕ್ಕ ಹತ್ತತಾವ."

ಕಾಲುವೆ ದಾರಿಯಲ್ಲಿ ಹೊರಟರು. ಎರಡೂ ಕಡೆ ಭತ್ತ ತೆನೆ ಬಾಗಿ ನಿಂತಿತ್ತು. ನೀರು ಎಂದಿನಂತೆ ಒಂದೇ ದಿಕ್ಕಿಗೆ, ಅವಸರವಿಲ್ಲದೆ ಹರಿಯುತ್ತಿತ್ತು. ಕ್ಯಾಂಪು ಬಂದದ್ದು ಮನೆಗಳ ಹಿಂದಿನ ಸಣ್ಣ ಕೆರೆಗಳಿಂದಲೇ ಗೊತ್ತಾಗುತ್ತದೆ. ಐವತ್ತು ವರ್ಷದ ಹಿಂದೆ ಬಂದವರು ಮೊದಲು ಗುಂಡಿ ತೋಡಿ ನೀರು ನಿಲ್ಲಿಸಿ ಮೀನು ಬಿಟ್ಟುಕೊಂಡರಂತೆ, ಮನೆ ಕಟ್ಟಿದ್ದು ಆಮೇಲೆ.

ಅನುಪಮಾಳ ಅಜ್ಜಿ ಗಂಗಾದೇವಿ ಅಂಗಳದಲ್ಲಿ ಕೂತು ಮೀನು ಹೆಚ್ಚುತ್ತಿದ್ದಳು. ದುರುಗಪ್ಪನನ್ನು ಅವಳು ಬಲ್ಲಳು. ಕ್ಯಾಂಪಿನ ಭತ್ತ ತುಂಬಲು ಬಂದಾಗಲೆಲ್ಲ ಅವಳ ಕೈಯ ಚಹಾ ಕುಡಿದವನು.

"ಬಾ ದುರುಗಪ್ಪ. ಮುಖ ಯಾಕ ಹಿಂಗ ಆಗೇತಿ, ಚೀಲ ಬಿದ್ದೈತೇನು ಮ್ಯಾಲ?"

"ಚೀಲ ಬಿದ್ದೈತಿ ಯಮ್ಮ. ಆದ್ರ ಇಲ್ಲಿ ಅಲ್ಲ, ನಿಮ್ಮೂರಾಗ."

ಎಲ್ಲ ಹೇಳಿದ. ಅವಳು ಮೀನು ಹೆಚ್ಚುವುದನ್ನು ನಿಲ್ಲಿಸದೆ ಕೇಳಿದಳು. ಕೊನೆಗೆ ಅವನು, ಯಾರಲ್ಲೂ ಕೇಳಲಾಗದ ತನ್ನ ಪ್ರಶ್ನೆಯನ್ನು ಕೇಳಿದ.

"ಅಲ್ಲಿ ಮಂದಿ ಹೆಂಗ ಯಮ್ಮ? ಉಡಿ ಸಾಮಾನು ಕಾಲಾಗ ತುಳದು ಕಸದಾಗ ಒಗದಾರೇನು?"

ಗಂಗಾದೇವಿ ನಕ್ಕಳು. "ನಮ್ಮಪ್ಪ ಆ ಹೊಳ್ಯಾಗ ಸಾಂಪಾನ್ ನಡಸ್ತಿದ್ದ. ಸಾಂಪಾನ್ ಅಂದ್ರ ದೋಣಿ, ಮುಂದಿನ ಮೂತಿ ಮ್ಯಾಲ ಎದ್ದಿರ್ತೈತಿ. ದೊಡ್ಡ ಹಡಗು ಹೊರಗ ಸಮುದ್ರದಾಗ ನಿಲ್ಲತಾವ, ಹೊಳಿ ಅಷ್ಟು ಆಳ ಇಲ್ಲ. ಅಲ್ಲಿಂದ ಮಾಲು ಸಣ್ಣದಕ್ಕ ಹಾಕ್ಕೊಂಡು ಒಳಗ ತರೋದು. ಅಪ್ಪ ಹಿಂದೂ, ಜೋಡಿ ಹುಟ್ಟು ಹಾಕಾಂವ ಮುಸಲ್ಮಾನ. ದಂಡಿ ಬಿಡೋ ಮುಂದ ಇಬ್ಬರೂ ಕೂಡಿ 'ಬದರ್, ಬದರ್' ಅಂತ ಕೂಗತಿದ್ರು. ಬದರ್ ಪೀರ್ ಅಂತ ಒಬ್ಬ, ನೀರಿನ ಮಂದೀನ್ನ ಕಾಯಾಂವ. ಒಂದು ಹಿಡಿ ಅಕ್ಕಿ ಹೊಳಿಗೆ ಹಾಕಿ ಹೊಂಡತಿದ್ರು. ಹೊರೋ ಮಂದಿ ಎಲ್ಲಾ ಕಡಿ ಒಂದೇ ತಮ್ಮ. ಒಗಿಯಂಗಿಲ್ಲ."

"ಆ ಹೊಳಿ ಹೆಸರೇನ್ ಯಮ್ಮ?"

"ಕರ್ಣಫುಲಿ. ರಾಜನ ಮಗಳ ಕಿವ್ಯಾಗಿನ ಹೂವು ನೀರಾಗ ಬಿದ್ದು ಹೋತಂತ. ಅದಕ್ಕ ಆ ಹೆಸರು."

"ಸಿಕ್ಕಿತೇನು?"

"ಎಲ್ಲಿ ಸಿಗತೈತಿ! ದಿನಕ್ಕ ಎರಡು ಸಲ ಮ್ಯಾಲ ಹೋಗ್ತೈತಿ, ಎರಡು ಸಲ ಕೆಳಗ ಬರ್ತೈತಿ ಆ ನೀರು. ಬಿದ್ದದ್ದು ಯಾವ ಕಡಿ ಹೋತಂತ ಹೇಳೋರು ಯಾರು?"

ದುರುಗಪ್ಪ ಇದನ್ನು ನಂಬಲಿಲ್ಲ. "ಹೋದ ನೀರು ತಿರುಗಿ ಬರ್ತೈತಾ? ನಮ್ಮ ತುಂಗಭದ್ರಿ ಇಷ್ಟು ವರ್ಷ ಹರದೈತಿ, ಒಂದು ಕೊಡ ತಿರುಗಿ ಬಂದಿಲ್ಲ. ಅಲ್ಲಿ ಗೇಟ್ ಎತ್ತೋರು ಯಾರು?"

"ಚಂದ್ರ" ಎಂದಳು ಅನುಪಮಾ, ಒಳಗಿನಿಂದ ತಟ್ಟೆ ತರುತ್ತ. "ಅವನಿಗೆ ಅರ್ಜಿ ಕೊಡೋ ಹಂಗಿಲ್ಲ, ಧರಣಿ ಕುಂದ್ರೋ ಹಂಗಿಲ್ಲ. ಟೈಮಿಗೆ ಸರಿಯಾಗಿ ಬಿಡ್ತಾನ. ಆ ನೀರಿನ ಮ್ಯಾಲ ಇಡೀ ದೇಶದ ವ್ಯಾಪಾರ ನಡೀತೈತಿ ಕಾಕಾ. ಗೋಧಿ, ಎಣ್ಣಿ, ಕಬ್ಬಿಣ, ಹತ್ತಿ ಒಳಗ ಬರ್ತಾವ. ಅಂಗಿ-ಪ್ಯಾಂಟು ಹೊರಗ ಹೋಗ್ತಾವ. ನೀವು ಹಾಕ್ಕೊಂಡ ಅಂಗಿ ಎಲ್ಲಿ ತಗೊಂಡ್ರಿ?"

"ಸಿಂಧನೂರಾಗ. ಸೋಮವಾರ ಸಂತ್ಯಾಗ."

ಅವಳು ಅವನ ಕುತ್ತಿಗೆ ಹಿಂದಿನ ಪಟ್ಟಿ ತಿರುವಿ ನೋಡಿದಳು. "ನೋಡ್ರಿ, ಬಾಂಗ್ಲಾದೇಶದಾಗ ಹೊಲದದ್ದು. ನಮ್ಮ ರಾಯಚೂರು ಹತ್ತೀನ ಹೋಗಿ, ಅಂಗಿಯಾಗಿ ಆ ಹೊಳಿ ದಾಟಿ ಬಂದು ನಿಮ್ಮ ಮೈಮ್ಯಾಲ ಕುಂತಿರಬೇಕು."

ದುರುಗಪ್ಪ ತನ್ನ ಅಂಗಿಯನ್ನು ಹೊಸದಾಗಿ ನೋಡಿಕೊಂಡ. ತೋಳನ್ನು ಒಮ್ಮೆ ಸವರಿದ. ಆಮೇಲೆ, "ಫೋನ್ ಹಚ್ಚವಾ ಅವರಿಗೆ" ಎಂದ. "ಸಾವ್ಕಾರ್ರೂ ಇರಲಿ. ಎಲ್ಲರ ಮುಂದ ಒಮ್ಮೆ ಹೇಳಿಬಿಡ್ತೀನಿ. ಎರಡು ಸಲ ಹೇಳೋ ಧೈರ್ಯ ಇಲ್ಲ ನನಗ."

ಅನುಪಮಾ ಗ್ರೂಪ್ ವಿಡಿಯೋ ಕಾಲ್ ಹಚ್ಚಿ ಫೋನನ್ನು ನೀರಿನ ಕೊಡಕ್ಕೆ ಆನಿಸಿ ನಿಲ್ಲಿಸಿದಳು. ಮೇಲಿನ ಚೌಕದಲ್ಲಿ ಹನುಮಂತರಾಯರ ಹಣೆ ಮತ್ತು ಅರ್ಧ ಕನ್ನಡಕ ಕಂಡಿತು. ಅವರಿಗೆ ಫೋನ್ ಹಿಡಿಯುವುದು ಇಂದಿಗೂ ಬಾರದು. ಕೆಳಗಿನ ಚೌಕದಲ್ಲಿ ಹಳದಿ ಹೆಲ್ಮೆಟ್ ಹಾಕಿದ, ಬಿಳಿ ಗಡ್ಡದ ಪರ್ವೇಜ್. ಅವನ ಹಿಂದೆ ಚೀಲಗಳ ಗೋಡೆ.

ಯಾರೂ ಬಾಯಿ ತೆರೆಯುವ ಮೊದಲೇ ಹನುಮಂತರಾಯರು ಹಿಂದಿಯಲ್ಲಿ ಶುರು ಮಾಡಿದರು. "ಪರ್ವೇಜ್ ಸಾಬ್, ಅದು ನಮ್ಮದಲ್ಲ. ದಾರ್ಯಾಗ, ಕಾಕಿನಾಡದ ಹಮಾಲರು ಯಾರೋ..."

ಕಾಕಿನಾಡದ ಹೆಸರು ದುರುಗಪ್ಪನಿಗೆ ತಿಳಿಯಿತು. ಹಮಾಲ ಎಂಬುದೂ ತಿಳಿಯಿತು. ಕೈ ಮುಗಿದು ಕ್ಯಾಮೆರಾದ ಮುಂದೆ ಬಗ್ಗಿದ. ಅಲ್ಲಿಯವರಿಗೆ ಅವನ ಮೀಸೆಯಷ್ಟೇ ಕಂಡಿರಬೇಕು.

"ಇಲ್ರೀ ಸಾವ್ಕಾರ್ರೆ. ಅವರ ಪಾಪ ಯಾಕ ಕಟ್ಟಿಕೊಳ್ತೀರಿ. ನಾನ ಹಾಕೀನ್ರಿ."

ಹಣೆ ಅಲುಗಾಡಲಿಲ್ಲ.

"ಎಲ್ಲಾ ಚೀಲದಾಗ ಇಲ್ಲ. ಲಾರಿಗೆ ಒಂದು. ಐದು ಲಾರಿ, ಐದು ಚೀಲ. ಒಂದು ಒಡದೈತಿ, ನಾಕು ಉಳದಾವ. ಹುಡಕಾಕ ಕಷ್ಟ ಇಲ್ರಿ. ಬಾಕಿ ಎಲ್ಲಾ ಮಿಷನ್ ಹೊಲಗಿ, ಬಿಳಿ ದಾರ. ಮಿಷನ್ ಹಾಕಿದ್ರ ಅರಿಶಿನ ಕೊಂಬಿಗೆ ಸೂಜಿ ತಾಗತೈತಿ ಅಂತ ಇವನ್ನ ಡಬ್ಬಣದಲೆ ಕೈಯಾಗ ಹೊಲದೀನಿ. ಅರಿಶಿನದಾಗ ಅದ್ದಿದ ಸುತಳಿ. ಹಳದಿ ಕಾಣತಾವ."

ಗಂಗಾದೇವಿ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಇಷ್ಟನ್ನೂ ಪರ್ವೇಜನಿಗೆ ಹೇಳಿದಳು, ಅನುಪಮಾ ಮನೆಯಲ್ಲಿ ಆಡುವ ಬಂಗಾಲಿಯಲ್ಲಲ್ಲ, ಚಿತ್ತಗಾಂಗ್ ಸೀಮೆಯ ಒರಟು, ಅವಸರದ ಮಾತಿನಲ್ಲಿ. ಮೊಮ್ಮಗಳಿಗೂ ಅದು ಅರ್ಧ ತಿಳಿಯುತ್ತಿರಲಿಲ್ಲ. ಪರ್ವೇಜನ ಹುಬ್ಬು ಮೇಲೇರಿತು. ಅವನು ಏನೋ ಕೇಳಿದ.

"ಯಾಕ ಹಾಕಿದಿ ಅಂತಾರ" ಎಂದಳು ಅಜ್ಜಿ.

ದುರುಗಪ್ಪ ಮತ್ತೆ ಕ್ಯಾಮೆರಾದ ಕಡೆ ಬಗ್ಗಿದ. "ಮನಿ ಬಿಟ್ಟು ದೂರ ಹೋಗೋದನ್ನ ಬರೇ ಉಡೀಲೆ ಕಳಸಬಾರದ್ರಿ. ಅಷ್ಟ."

ಈ ಮಾತನ್ನು ಅಜ್ಜಿ ತಕ್ಷಣ ತಿರುಗಿಸಿ ಹೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಕ್ಯಾಂಪಿಗೆ ಬಂದಾಗ ಅವಳಿಗೆ ಹದಿನಾರೋ ಹದಿನೇಳೋ. ಉಟ್ಟ ಸೀರೆಯಲ್ಲಿ ಬಂದವಳು. ಆಮೇಲೆ ಮೆಲ್ಲಗೆ, ಒಂದೊಂದೇ ಶಬ್ದವಾಗಿ ಹೇಳಿದಳು.

ಪರ್ವೇಜ್ ಫೋನನ್ನು ಪಕ್ಕಕ್ಕೆ ತಿರುಗಿಸಿದ. ಕಟ್ಟೆಯ ಕಬ್ಬಿಣದ ಕಂಬದ ಬುಡದಲ್ಲಿ, ಚೊಕ್ಕಟ ಬಟ್ಟೆಯ ಮೇಲೆ, ಫೋಟೋದಲ್ಲಿದ್ದ ಅದೇ ಅರಿಶಿನ ಕೊಂಬು, ಅದೇ ಅಡಿಕೆ.

"ಚೀಲ ಒಡದಾಗ ಹಮಾಲರು ಇದನ್ನ ಗುಡಸಾಕ ಒಪ್ಪಲಿಲ್ಲಂತ" ಎಂದು ಅಜ್ಜಿ ಹೇಳಿದಳು. "ಏನಂತ ಗೊತ್ತಿಲ್ಲ, ಆದ್ರ ಯಾರೋ ಬೇಕಂತ ಇಟ್ಟದ್ದು, ತುಳಿಬಾರದು ಅಂದ್ರಂತ. ಫೋಟೋ ತಗದು ವಾಪಸ್ ಅವರ ಕೈಗೇ ಕೊಡಬೇಕಾತಂತ."

ದುರುಗಪ್ಪ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಬಿಸಿಲು ಹೆಚ್ಚಿತ್ತು.

ಆದರೆ ಪರ್ವೇಜ್ ನಿಯಮ ಬಿಡುವವನಲ್ಲ. ಹಳದಿ ದಾರದ ನಾಲ್ಕೂ ಸಿಗಬೇಕು. ಅವನ್ನು ತೆಗೆದ ಮೇಲೂ ಉಳಿದ ಮಾಲಿನಲ್ಲಿ ಅಲ್ಲಲ್ಲಿ ಚುಚ್ಚಿ ನೋಡುತ್ತಾನೆ. ಸರಿಯಿದ್ದರೆ ಸಂಜೆಯ ನೀರಿಗೆ ಮೊದಲು ಇಳಿಸುತ್ತಾನೆ. ಇನ್ನೊಂದು ಸಲ ಎಲೆಯ ಚೂರು ಕಂಡರೂ ಇಡೀ ಮಾಲು ವಾಪಸು. ಇಷ್ಟನ್ನು ಹೇಳಿ ಹಿಂದೆ ತಿರುಗಿ ಕೂಗು ಹಾಕಿದ. ಚೀಲಗಳ ನಡುವೆ ನಾಲ್ಕಾರು ಜನ ಓಡಾಡತೊಡಗಿದರು.

ಅಷ್ಟರಲ್ಲಿ ಗಂಗಾದೇವಿ ಫೋನಿನ ಹತ್ತಿರ ಬಗ್ಗಿ ಏನೋ ಕೇಳಿಕೊಂಡಳು. ಪರ್ವೇಜ್ ಕಟ್ಟೆಯ ಅಂಚಿಗೆ ನಡೆದು ಫೋನನ್ನು ಹೊರಕ್ಕೆ ಹಿಡಿದ.

ಹೊಳೆ ಕಂಡಿತು. ಕಂದು ನೀರು, ಅಗಲವೋ ಅಗಲ. ಆಚೆ ದಡದವರೆಗೂ ಹಡಗು, ಬಾನೆತ್ತರದ ಕ್ರೇನು, ಬಣ್ಣಬಣ್ಣದ ಕಬ್ಬಿಣದ ಪೆಟ್ಟಿಗೆಗಳ ಗುಡ್ಡ. ಅವುಗಳ ನಡುವೆ ಎಲ್ಲಿಗೋ ಹೊರಟ, ಮೂತಿ ಎತ್ತಿದ ಒಂದು ಪುಟ್ಟ ದೋಣಿ. ನೀರಿನ ಮೇಲೆ ತೇಲುತ್ತಿದ್ದ ಹುಲ್ಲಿನ ಕಂತೆಯೊಂದು ಸಮುದ್ರದ ಕಡೆಯಿಂದ ಊರಿನ ಕಡೆಗೆ ಬರುತ್ತಿತ್ತು.

"ಅಗೋ," ಎಂದ ದುರುಗಪ್ಪ. "ಖರೇನ ಉಲ್ಟಾ ಹರಿಯಾಕತ್ತೈತಲ್ಲ!"

"ನೀರು ಏರಾಕತ್ತೈತಿ" ಎಂದಳು ಅಜ್ಜಿ. ಬಹಳ ಹೊತ್ತು ನೋಡಿದಳು. ಕೊನೆಗೆ, "ಇಷ್ಟು ಕಬ್ಬಿಣ ಇರಲಿಲ್ಲ ಆವಾಗ" ಎಂದಳು. "ನೀರು ಮಾತ್ರ ಅದೇ ನೀರು."

ಯಾರೋ ಕೂಗಿದರು. ಹಳದಿ ದಾರದ ಚೀಲವೊಂದು ಸಿಕ್ಕಿತ್ತು. ಆಮೇಲೆ ಇನ್ನೊಂದು. ಈ ಗದ್ದಲದಲ್ಲಿ ಮೇಲಿನ ಚೌಕದ ಹಣೆ ಯಾವಾಗ ಮಾಯವಾಯಿತೋ ಯಾರೂ ನೋಡಲಿಲ್ಲ. ಹನುಮಂತರಾಯರು ಒಂದು ಮಾತೂ ಆಡದೆ ಫೋನ್ ಇಟ್ಟಿದ್ದರು.

ಮರುದಿನ ಬೆಳಿಗ್ಗೆ ಮಿಲ್ಲಿನ ಗೇಟಿನ ಹೊರಗೆ, ಬೇವಿನ ಮರದ ಬುಡದಲ್ಲಿ, ದುರುಗಪ್ಪ ತನ್ನ ಕೊಕ್ಕೆಯನ್ನೂ ಟವೆಲ್ಲನ್ನೂ ಪಕ್ಕದಲ್ಲಿಟ್ಟುಕೊಂಡು ಕೂತಿದ್ದ. ಅವನು ಒಳಗೆ ಹೋಗಲಿಲ್ಲವೆಂದು ತಂಡದವರೂ ಹೋಗಲಿಲ್ಲ. ಒಳಗೆ ಎರಡು ಲಾರಿ ಖಾಲಿ ನಿಂತಿದ್ದವು. ಅವುಗಳಲ್ಲಿ ಒಂದರ ಡ್ರೈವರ್, ಮಸ್ಕಿಯ ಬಂದೇಸಾಬ, ಗೇಟಿಗೆ ಒರಗಿ ತಮಾಷೆ ನೋಡುತ್ತಿದ್ದ.

"ಏನ್ ಮೇಸ್ತ್ರಿ, ಮಾವನ ಮನಿಗೆ ಬಂದ ಅಳಿಯನಂಗ ಬಾಗಲಾಗ ಕುಂತೀಯಲ್ಲ. ಯಾರರ ಬಂದು ಕಾಲು ತೊಳೀಬೇಕೇನು?"

"ಸಾವ್ಕಾರ್ರು ಮಾತು ಕೊಟ್ಟಾರೋ ಬಂದೇಸಾಬ. ಅವರ ಮಾತು ನಾ ಮುರಿಲೇನು?"

ಹನುಮಂತರಾಯರ ಕಾರು ಬಂತು. ಇಳಿದು, ಎಲ್ಲವನ್ನೂ ಒಂದು ನೋಟದಲ್ಲಿ ಕಂಡರು. ಗೇಟಿನ ಹೊರಗೆ ಹಮಾಲರು, ಒಳಗೆ ಲಾರಿಗಳು, ನಡುವೆ ಪೊರಕೆ ಹಿಡಿದು ನಿಂತ ಆದಮ್ಮ.

"ಯಾಕಲೇ ಹೊರಗ ಕುಂತೀ?"

"ನೀವ ಅಂದೀರಲ್ರಿ, ಹಾಕಿದಾಂವ ಕಾಲಿಡಬಾರದಂತ."

"ಅಂದೀನಿ."

"ಹಾಕಿದಾಂವ ನಾನಽ ಅದೀನ್ರಿ."

"ಅದೀ."

ಒಬ್ಬರಿಗೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಬಾರದು. ಇನ್ನೊಬ್ಬನಿಗೆ ತಪ್ಪಾಯಿತು, ಬಿಡಿ ಎಂದು ಕಾಲು ಹಿಡಿಯಲು ಬಾರದು. ಹಿಡಿಯಲಿ ಎಂದು ಸಾವ್ಕಾರರಿಗೂ ಅನಿಸುತ್ತಿರಲಿಲ್ಲ. ಆದಮ್ಮನೇ ಗಾಳಿಗೆ ಹೇಳಿದಂತೆ ಹೇಳಿದಳು, "ಹೊಳಿ ನೀರು ಹಿಂದಕ್ಕ ಬರ್ತೈತಂತ. ಸಿಂಧನೂರು ಮಂದಿ ಮಾತು ಬರಂಗಿಲ್ಲ ನೋಡ್ರಿ."

ಹನುಮಂತರಾಯರು ಅವಳನ್ನು ದುರುಗುಟ್ಟಿ ನೋಡಿ ಜೇಬಿನಿಂದ ಫೋನ್ ತೆಗೆದರು. "ಪರ್ವೇಜ್ ಸಾಬ್ ಕಳಿಸ್ಯಾರ" ಎಂದರು ಯಾರಿಗೂ ಅಲ್ಲದಂತೆ. "ಮಾಲು ಎಲ್ಲಾ ಇಳೀತು. ನಾಕೂ ಚೀಲ ಸಿಕ್ಕಾವ. ಅವು ಗೋದಾಮಿಗೆ ಹೋಗಂಗಿಲ್ಲಂತ. ಅದಕ್ಕ ಆ ಕಟ್ಟಿ ಮ್ಯಾಲಿನ ಹಮಾಲರು ಸೋಸಿ ಅನ್ನ ಮಾಡಿಕೊಂಡು ಉಂಡಾರ. ಫೋಟೋ ಐತಿ."

"ನಮ್ಮ ಅಕ್ಕಿದಾ?" ದುರುಗಪ್ಪ ಎದ್ದ.

"ಮತ್ಯಾರದು?"

"ನೋಡೂನ್ರಿ."

ಬಿಸಿಲಿಗೆ ಫೋನಿನಲ್ಲಿ ಏನೂ ಕಾಣುತ್ತಿರಲಿಲ್ಲ. ಹನುಮಂತರಾಯರು ಅಂಗೈ ಮರೆ ಮಾಡಿಕೊಂಡು, ನೆರಳು ಹುಡುಕುತ್ತ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ದುರುಗಪ್ಪ ಕತ್ತು ಚಾಚಿ ಎರಡು ಹೆಜ್ಜೆ ಮುಂದಕ್ಕೆ ಬಂದ. ಅವರು ಮತ್ತೆ ಸರಿದರು, ಇವನು ಮತ್ತೆ ಬಂದ. ಹೀಗೆ ತೂಕದ ಕೋಣೆಯ ತಗಡಿನ ನೆರಳಿನವರೆಗೂ ಹೋದರು. ಅಲ್ಲಿ ಫೋಟೋ ನಿಚ್ಚಳವಾಗಿ ಕಂಡಿತು. ದೊಡ್ಡ ಹಂಡೆ, ಸುತ್ತ ಲುಂಗಿ ಉಟ್ಟು ಕೂತ ಜನ, ಎಲ್ಲರ ತಟ್ಟೆಯಲ್ಲಿ ಬೆಳ್ಳಗಿನ ಅನ್ನ, ಹಿಂದೆ ಹೊಳೆ. ಒಬ್ಬ ಮುದುಕ ಕ್ಯಾಮೆರಾದ ಕಡೆ ತುತ್ತು ಎತ್ತಿ ಹಿಡಿದಿದ್ದ.

ದುರುಗಪ್ಪ ಬಗ್ಗಿ, ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ, ತಟ್ಟೆಗಳನ್ನೆಲ್ಲ ಒಂದೊಂದಾಗಿ ನೋಡಿದ. ಅವನ ಮುಖ ಗಂಟಾಯಿತು.

"ಛೇ. ನೀರು ಹೆಚ್ಚಾಗೇತ್ರಿ. ನಮ್ಮ ಅಕ್ಕೀಗೆ ಅಷ್ಟು ನೀರು ಹಾಕಬಾರದು. ಉದುರು ಆಗಿಲ್ಲ, ಮುದ್ದಿ ಆಗೇತಿ."

"ಅವರು ರಾತ್ರಿ ನೀರಾಗ ನೆನಸಿಟ್ಟು ಮುಂಜಾನಿ ಉಣ್ಣತಾರ ಕಾಕಾ, ಅದಕ್ಕ ಹಂಗ" ಎಂದಳು ಆಗತಾನೇ ಸ್ಕೂಟಿ ನಿಲ್ಲಿಸಿ ಬಂದ ಅನುಪಮಾ.

"ಆದ್ರೂ ಹೇಳಿ ಕಳಸವಾ. ಒಂದಕ್ಕ ಎರಡು ಸಾಕು ಅಂತ."

ಆದಮ್ಮ ಗೇಟಿನ ಹತ್ತಿರದಿಂದ ಕೂಗಿದಳು. "ಲೇ ದುರುಗಾ, ಎಲ್ಲಿ ನಿಂತೀ ನೋಡಿಕೋ!"

ಅವನು ನೋಡಿಕೊಂಡ. ಗೇಟು ಇಪ್ಪತ್ತು ಹೆಜ್ಜೆ ಹಿಂದೆ ಇತ್ತು. ಬಂದೇಸಾಬ ಹೊಟ್ಟೆ ಹಿಡಿದು ನಗುತ್ತಿದ್ದ. ದುರುಗಪ್ಪ ಗಾಬರಿಯಾಗಿ ಹೊರಡಲು ತಿರುಗಿದ. ಹನುಮಂತರಾಯರು ಫೋನನ್ನು ಜೇಬಿಗೆ ಇಳಿಸುತ್ತ, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದರು.

"ನಾ ಯಾರನ್ನೂ ಕರದಿಲ್ಲ. ತಾನ ಬಂದಾನ. ನನ್ನ ಮಾತು ಮುರದಿಲ್ಲ." ಆಮೇಲೆ ದನಿ ಇಳಿಸಿ, "ಇನ್ನ ಮ್ಯಾಲ ಉಡಿ ಲಾರಿಗೆ ಕಟ್ಟು, ಹೊರಗ. ಚೀಲದಾಗ ಏನೂ ಬ್ಯಾಡ."

"ಹೂನ್ರಿ."

"ಮತ್ತ ಆ ಹಳದಿ ದಾರ..."

"ಬಿಡ್ತೀನ್ರಿ."

"ಬಿಡಬ್ಯಾಡ. ಮೊದಲ ಚೀಲ ಹಂಗ ಹೊಲಿ. ಅಲ್ಲಿ ಹಮಾಲರು ಕೇಳ್ಯಾರಂತ, ಮುಂದಿನ ಮಾಲಿನಾಗೂ ಹಳದಿ ದಾರ ಇರ್ತೈತೇನು ಅಂತ."

ಸಾವ್ಕಾರರು ಬೇಕೆಂದೇ ಹಿಂದಕ್ಕೆ ಸರಿದರೋ, ಬಿಸಿಲಿಗೇ ಸರಿದರೋ, ಮಿಲ್ಲಿನಲ್ಲಿ ಇಂದಿಗೂ ತೀರ್ಮಾನವಾಗಿಲ್ಲ. ಚಹಾಕ್ಕೆ ಕೂತಾಗಲೆಲ್ಲ ಅದು ಎದ್ದು ಬರುತ್ತದೆ. ಅಂದು ಮಾತ್ರ ಯಾರೂ ಕೇಳಲಿಲ್ಲ. ಆದಮ್ಮ ಗೇಟಿನ ಹೊರಗೆ ಉಳಿದಿದ್ದ ತಮ್ಮನ ಕೊಕ್ಕೆ, ಟವೆಲ್ಲು ತಂದು ಅವನ ಹೆಗಲಿಗೆ ಎಸೆದಳು. ಅವನು ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಚೀಲಗಳ ಕಡೆ ನಡೆದ.

"ಬರ್ರಲೇ," ಎಂದು ತಂಡವನ್ನು ಕರೆದ. "ಬಿಸಲು ಏರಾಕತ್ತೈತಿ."